ದೊಡ್ಡಮ್ಮನ ಟ್ರಂಕಿನಲ್ಲಿದ್ದ ಚೀಟಿ

ಆಫೀಸಿನ ವಾರ್ಷಿಕ ಹೆಲ್ತ್ ಚೆಕಪ್ ಅಂದ್ರೆ ನಮ್ಮ ಟೀಮಿಗೆ ಅರ್ಧ ದಿನದ ರಜೆ ಇದ್ದ ಹಾಗೆ. ರಕ್ತ ಕೊಟ್ಟು, ಅವರು ಕೊಡೋ ತಣ್ಣನೆ ಇಡ್ಲಿ ತಿಂದು, ಮಧ್ಯಾಹ್ನದ ಮೀಟಿಂಗಿಗೆ ಬಂದು ಕೂತರಾಯ್ತು. ಆ ವರ್ಷ ಹಾಗಾಗಲಿಲ್ಲ. ಪರೀಕ್ಷೆ ಮಾಡುತ್ತಿದ್ದ ಲೇಡಿ ಡಾಕ್ಟರ ಬೆರಳು ಎಡಗಡೆ ಒಂದು ಜಾಗದಲ್ಲಿ ನಿಂತಿತು. ಮುಂದೆ ಹೋಯಿತು, ಮತ್ತೆ ಅಲ್ಲಿಗೇ ಬಂತು. "ಇದು ಯಾವಾಗಿಂದ ಇದೆ?" ಅಂದರು. ನನಗೆ ಗೊತ್ತಿರಲಿಲ್ಲ. ಗೋಲಿಯಷ್ಟು ದೊಡ್ಡದು, ಮುಟ್ಟಿದರೆ ಜಾರಿಕೊಳ್ಳುವ ಗಂಟು. ಇಪ್ಪತ್ತೊಂಬತ್ತು ವರ್ಷ ಇದೇ ಮೈಯಲ್ಲಿ ವಾಸ ಮಾಡಿದ್ದೇನೆ, ಅದು ಯಾವಾಗ ಬಂತೋ ಗೊತ್ತೇ ಆಗಿರಲಿಲ್ಲ.

ಸ್ಕ್ಯಾನ್ ಆಯಿತು. ವರದಿಯಲ್ಲಿ ಫೈಬ್ರೋಅಡಿನೋಮಾ ಇರಬಹುದು, ಬೈರಾಡ್ಸ್ 3, ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಅಂತ ಬರೆದಿತ್ತು. ಬೈರಾಡ್ಸ್ 3 ಅಂದರೆ ಕ್ಯಾನ್ಸರ್ ಆಗಿರುವ ಸಾಧ್ಯತೆ ನೂರಕ್ಕೆ ಎರಡಕ್ಕಿಂತ ಹೆಚ್ಚಿಲ್ಲ ಅಂತ ಡಾಕ್ಟರು ಬಿಡಿಸಿ ಹೇಳಿದರು. ನಾನು ಆ ಎರಡನ್ನೇ ಹಿಡಿದುಕೊಂಡು ಮನೆಗೆ ಬಂದೆ.

ರಾತ್ರಿ ಚಳ್ಳಕೆರೆಗೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಿಮ್ ದೊಡ್ಡಮ್ಮಂಗೂ ಆಗಿತ್ತಲ್ಲ ಆ ಕಾಯಿಲೆ" ಅಂದಳು. ಯಾವ ಕಾಯಿಲೆ ಅಂತ ಕೇಳಿದರೆ "ಅದೇ" ಅಂದಳು. ನಾನು ಹುಟ್ಟುವುದಕ್ಕೂ ಮುಂಚೆ ನಡೆದದ್ದು ನಮ್ಮ ಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ.

ಈ "ಅದೇ" ಅನ್ನೋದರ ಬಗ್ಗೆ ಸ್ವಲ್ಪ ಹೇಳಬೇಕು. ಈ ಅಂಗಕ್ಕೆ ನಮ್ಮಲ್ಲಿ ಪದಗಳಿಗೇನೂ ಬರವಿಲ್ಲ, ಬಾಯಿಬಿಟ್ಟು ಹೇಳುವ ಪದ ಮಾತ್ರ ಇಲ್ಲ. ಎದೆ ಅಂದರೆ ಗಂಡಸರಿಗೂ ಇದೆ, ಧೈರ್ಯಕ್ಕೂ ಅದೇ ಪದ, ಮನಸ್ಸಿಗೂ ಅದೇ. ಕ್ಲಿನಿಕ್ಕಿಗೆ ಹೋಗಿ "ಎದೆ ನೋವು" ಅಂದರೆ ಇಸಿಜಿ ಮಾಡಿಸು ಅಂತಾರೆ. ಮೊಲೆ ಅನ್ನೋದು ಹಳಗನ್ನಡದಿಂದ ವಚನಗಳವರೆಗೆ ಸಂಕೋಚವಿಲ್ಲದೆ ಓಡಾಡಿದ ಪದ. ನಾವು ಅದನ್ನು ಬೈಗುಳದ ಪಕ್ಕದಲ್ಲಿ ಕೂರಿಸಿಬಿಟ್ಟಿದ್ದೇವೆ. ಸ್ತನ ಅನ್ನೋದು ಆಸ್ಪತ್ರೆ ಗೋಡೆಯ ಪೋಸ್ಟರಿನ ಪದ, ಅದನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ. ನಮ್ಮದು ದನಕುರಿ ನಂಬಿದ ಸೀಮೆ, ಅಮೃತ ಮಹಲ್ ಕಾವಲುಗಳ ಸೀಮೆ. ಎಮ್ಮೆಗೆ ಕೆಚ್ಚಲು ಬಾವು ಬಂದರೆ ಅವತ್ತೇ ಪಶು ಡಾಕ್ಟರು ಮನೆಗೆ ಬರುತ್ತಿದ್ದರು. ತಾತ ಜಗುಲಿ ಮೇಲೆ ಕೂತು, ಯಾವ ಮೊಲೆಯಲ್ಲಿ ಗಡಸು, ಎಷ್ಟು ದಿನದಿಂದ, ಹಾಲಿನ ಬಣ್ಣ ಏನು ಅಂತ ದಾರೀಲಿ ಹೋಗೋರಿಗೆಲ್ಲ ವರದಿ ಕೊಡುತ್ತಿದ್ದರು. ಅದೇ ಮನೆಯಲ್ಲಿ ಅವರ ದೊಡ್ಡ ಮಗಳ ಗಂಟಿಗೆ ಹೆಸರಿರಲಿಲ್ಲ.

ಮುಂದಿನ ಶನಿವಾರ ಊರಿಗೆ ಹೋದೆ. ಭಾನುವಾರ ಬೆಳಿಗ್ಗೆ ಬಳ್ಳಾರಿ ರಸ್ತೆಯ ಬಸ್ಸು ಹತ್ತಿ ಮೊಳಕಾಲ್ಮೂರಿಗೆ. ಚಳ್ಳಕೆರೆ ದಾಟುವವರೆಗೆ ಎಣ್ಣೆ ಮಿಲ್ಲುಗಳ ಶೇಂಗಾ ವಾಸನೆ. ಆಮೇಲೆ ಬಯಲು. ಮೊಳಕಾಲ್ಮೂರು ಹತ್ತಿರ ಬಂದ ಹಾಗೆ ಬಂಡೆಗುಡ್ಡಗಳು. ಇದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇದೆ. ಬಿ.ಎಲ್. ರೈಸ್ ಅದನ್ನು 1892ರಲ್ಲಿ ಪತ್ತೆ ಹಚ್ಚಿದರು ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು. ಎರಡು ಸಾವಿರ ವರ್ಷದ ಹಿಂದಿನ ಬರಹ ಓದೋಕೆ ನಮ್ಮ ಸೀಮೆಗೆ ಎಲ್ಲೆಲ್ಲಿಂದಲೋ ಪಂಡಿತರು ಬಂದಿದ್ದಾರೆ. ದೊಡ್ಡಮ್ಮನ ಟ್ರಂಕಿನಲ್ಲಿದ್ದ ಒಂದು ಹಾಳೆ ಓದಿ ಹೇಳೋರು ಮೂವತ್ತೇಳು ವರ್ಷ ಯಾರೂ ಸಿಕ್ಕಿರಲಿಲ್ಲ.

ದೊಡ್ಡಮ್ಮನದು ಮಗ್ಗದ ಮನೆ. ದೊಡ್ಡಪ್ಪ ಗುಂಡಿ ಮಗ್ಗದಲ್ಲಿ ರೇಷ್ಮೆ ಸೀರೆ ನೇಯುತ್ತಿದ್ದರು, ಇವಳು ರಾಟೆ ಮುಂದೆ ಕೂತು ಕಂಡಿಕೆ ಸುತ್ತಿ ಕೊಡುತ್ತಿದ್ದಳು. ಈಗ ಅವರಿಲ್ಲ, ಮಗ್ಗ ಇದೆ. ನನ್ನ ಸ್ಕ್ಯಾನ್ ವಿಷಯ ಹೇಳಿದ ಮೇಲೆ ಅವಳು ಎದ್ದು ಬಾಗಿಲು ಮುಂದೆ ಮಾಡಿ ಬಂದು ಕೂತಳು.

1986ರಲ್ಲಿ ಅವಳಿಗೆ ಮೂವತ್ತನಾಲ್ಕು. ಮುಟ್ಟಿನ ದಿನ ಹತ್ತಿರ ಬಂದರೆ ಎರಡೂ ಕಡೆ ಭಾರ, ನೋವು. ರಾಟೆ ತಿರುಗಿಸೋಕೆ ಕೈ ಎತ್ತಿದರೆ ಹಿಡಿದಂತಾಗುವುದು. ಬಲಗಡೆ ಒಂದು ಗಡ್ಡೆ ಕೈಗೆ ಸಿಕ್ಕಿತು. ವರ್ಷ ಮುಚ್ಚಿಟ್ಟುಕೊಂಡಳು. ಕೊನೆಗೆ ದೊಡ್ಡಪ್ಪ ದೂರದ ಒಂದು ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು, ಅಲ್ಲಿ ಗಡ್ಡೆ ಕೊಯ್ದು ತೆಗೆದರು. ಎರಡು ವಾರದ ಮೇಲೆ ವರದಿ ತರಲು ಹೋದಾಗ ಯಾರೋ ಓಡಾಡುತ್ತಲೇ "ಏನೂ ತೊಂದರೆ ಇಲ್ಲ, ಹೋಗಿ" ಅಂದರಂತೆ. ಬಸ್ ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯವನು ಆ ಹಾಳೆ ನೋಡಿ, "ಡಿಸೀಸ್ ಅಂತ ಬರ್ದವ್ರೆ" ಅಂದ. ದೊಡ್ಡಪ್ಪನಿಗೆ ಅರ್ಥವಾದ ಒಂದೇ ಇಂಗ್ಲಿಷ್ ಪದ ಅದು. ಅದನ್ನೇ ಮನೆಗೆ ತಂದರು.

"ಆಮ್ಯಾಕೆ ಯಾರೂ ಏನೂ ಅನ್ಲಿಲ್ಲ ಕಣೆ. ಅನ್ನದೇ ಇದ್ದಿದ್ದೇ ಜಾಸ್ತಿ" ಅಂದಳು ದೊಡ್ಡಮ್ಮ. ಸೀಮಂತಕ್ಕೆ ಉಡಿ ತುಂಬೋಕೆ ಕರೆಯುವುದು ನಿಂತಿತು. ವಾರಗಿತ್ತಿ ತನ್ನ ಕೂಸನ್ನು ಇವಳ ಮಡಿಲಿಂದ ಮೆಲ್ಲಗೆ ಎತ್ತಿಕೊಳ್ಳುತ್ತಿದ್ದಳು. 1996ರಲ್ಲಿ ಅಕ್ಕನಿಗೆ ಒಂದು ಒಳ್ಳೆ ಸಂಬಂಧ ಬಂದಿತ್ತು, ಮಾತುಕತೆಯೂ ಮುಗಿದಿತ್ತು. ಆಮೇಲೆ "ತಾಯಿಗೆ ಆ ಕಾಯಿಲೆ ಇತ್ತಂತೆ, ಮಗಳಿಗೂ ಬರ್ತದೆ" ಅನ್ನೋ ಮಾತು ಆ ಕಡೆಯವರ ಕಿವಿಗೆ ಬಿತ್ತು. ಅವರು ಮತ್ತೆ ಬರಲಿಲ್ಲ. ಅಕ್ಕನ ಮದುವೆ ಆಮೇಲೆ ಬೇರೆ ಕಡೆ ಆಯಿತು, ಚೆನ್ನಾಗಿಯೂ ಇದ್ದಾಳೆ. ಆದರೆ ದೊಡ್ಡಮ್ಮ ಇವತ್ತಿಗೂ ಅದನ್ನು ತನ್ನ ಲೆಕ್ಕಕ್ಕೇ ಬರೆದುಕೊಂಡಿದ್ದಾಳೆ.

ಟ್ರಂಕಿನ ತಳದಲ್ಲಿ, ಧಾರೆ ಸೀರೆಯ ಕೆಳಗೆ, ಆ ಹಾಳೆ ಇತ್ತು. ಟೈಪ್ ಮಾಡಿದ ಎರಡು ಸಾಲು. ಮೊದಲ ಸಾಲು ಫೈಬ್ರೋಸಿಸ್ಟಿಕ್ ಡಿಸೀಸ್ ಆಫ್ ದಿ ಬ್ರೆಸ್ಟ್. ಮಡಿಕೆ ಬಿದ್ದು ಮಸುಕಾದ ಎರಡನೇ ಸಾಲು ನೋ ಎವಿಡೆನ್ಸ್ ಆಫ್ ಮ್ಯಾಲಿಗ್ನೆನ್ಸಿ. ಅಂದರೆ ಕ್ಯಾನ್ಸರಿನ ಸುಳಿವಿಲ್ಲ. ಈ ಎರಡನೇ ಸಾಲನ್ನು ಯಾರೂ ಓದಿರಲಿಲ್ಲ.

ಬೆಂಗಳೂರಿಗೆ ವಾಪಸ್ಸು ಬಂದ ಮೇಲೆ ನನ್ನ ಗಂಟಿಗಿಂತ ಆ "ಡಿಸೀಸ್" ಅನ್ನೋ ಪದವೇ ತಲೆ ತಿನ್ನತೊಡಗಿತು. ಕ್ಯಾನ್ಸರ್ ಅಲ್ಲ ಅಂದಮೇಲೆ ಕಾಯಿಲೆ ಯಾಕಾಯಿತು? ಹುಡುಕುತ್ತಾ ಹೋದೆ. ಅದು ನೂರೈವತ್ತು ವರ್ಷದ ಕಥೆ.

ಅದಕ್ಕಿಂತ ಹಿಂದಿನದೊಂದು ಮಾತು ಮೊದಲು. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹತ್ತನೇ ಅಧ್ಯಾಯದಲ್ಲಿ ಸ್ತನರೋಗದ ವಿವರ ಇದೆ. ಕನ್ಯೆಯರಲ್ಲಿ ಆ ನಾಳಗಳ ಬಾಯಿ ಮುಚ್ಚಿರುತ್ತದೆ, ಹಾಗಾಗಿ ಅವರಿಗೆ ಈ ರೋಗ ಬರುವುದಿಲ್ಲ, ಗರ್ಭಿಣಿ ಬಾಣಂತಿಯರಿಗೆ ಬರುತ್ತದೆ ಅನ್ನುತ್ತದೆ ಅದು. ಹಾಲು ಕಟ್ಟಿ ಬರುವ ಬಾವು, ಕೀವುಗಟ್ಟುವ ಗಡ್ಡೆ ಅವರ ಕಣ್ಣ ಮುಂದಿದ್ದವು. ನನ್ನಂಥ ಗೋಲಿ ಗಂಟುಗಳು ಹದಿಹರೆಯದ ಕೊನೆಯಲ್ಲಿ, ಇಪ್ಪತ್ತರ ಆಚೀಚೆ ಹೆಚ್ಚು. ಅವನ್ನು ಯಾವ ಹುಡುಗಿ ತಾನೇ ವೈದ್ಯನಿಗೆ ತೋರಿಸಿರುತ್ತಾಳೆ?

ಬಾಣಂತಿಯರ ವಿಷಯದಲ್ಲಿ ಮಾತ್ರ ನಮ್ಮ ಹೆಂಗಸರಿಗೆ ತಮ್ಮದೇ ವಿದ್ಯೆ ಇತ್ತು. ಕೂಸು ತೀರಿಕೊಂಡಾಗ ಎದೆಯಲ್ಲಿ ಹಾಲು ಕಟ್ಟದಿರಲಿ ಅಂತ ದುಂಡುಮಲ್ಲಿಗೆ ದಂಡೆಯನ್ನು ಎದೆಗೆ ಕಟ್ಟುತ್ತಿದ್ದರು ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಇದು ಬರೀ ನಂಬಿಕೆ ಅಂದುಕೊಂಡಿದ್ದೆ. 1988ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಇದನ್ನು ಬ್ರೋಮೋಕ್ರಿಪ್ಟಿನ್ ಮಾತ್ರೆಯ ಎದುರಿಗಿಟ್ಟು ಪರೀಕ್ಷೆ ಮಾಡಿ, ಮಲ್ಲಿಗೆಯೂ ಹಾಲು ಇಳಿಸುತ್ತದೆ ಅಂತ ಪ್ರಕಟಿಸಿದರು. ಓದಿದಾಗ ಅಜ್ಜಿ ಇರಬೇಕಿತ್ತು ಅನ್ನಿಸಿತು.

ಈಗ ಪದದ ಕಥೆಗೆ ಬರೋಣ. 1829ರಲ್ಲಿ ಲಂಡನ್ನಿನ ಸರ್ಜನ್ ಆಸ್ಟ್ಲಿ ಕೂಪರ್ ಸ್ತನದ ರೋಗಗಳ ಮೇಲೆ ಚಿತ್ರಸಹಿತ ಪುಸ್ತಕ ತಂದ. ಅದರಲ್ಲಿ ಕ್ಯಾನ್ಸರ್ ಅಲ್ಲದ ಗಡ್ಡೆಗಳನ್ನು ಬೇರೆ ಮಾಡಿ ತೋರಿಸಿದ. ನೀರು ತುಂಬಿದ ಗುಳ್ಳೆ, ಜಾರುವ ಗಂಟು, ಬರೀ ನೋವು, ಕ್ಷಯದಿಂದ ಬರುವ ಬಾವು, ಒಂದೊಂದೂ ಬೇರೆ. ಕ್ಷಯದ್ದು ನಮ್ಮ ದೇಶದ ಡಾಕ್ಟರುಗಳು ಇವತ್ತಿಗೂ ತಲೆಯಲ್ಲಿಟ್ಟುಕೊಳ್ಳುವ ವಿಷಯ. ಯಾವುದು ಪ್ರಾಣ ತೆಗೆಯುತ್ತದೆ, ಯಾವುದು ತೆಗೆಯುವುದಿಲ್ಲ ಅಂತ ಬೇರೆ ಮಾಡುವುದು ಆ ಕಾಲಕ್ಕೆ ಎಷ್ಟು ಮುಖ್ಯ ಅಂತ ತಿಳಿಯಬೇಕಾದರೆ ಅದಕ್ಕೆ ಹದಿನೆಂಟು ವರ್ಷ ಮುಂಚಿನ ಒಂದು ಘಟನೆ ನೋಡಬೇಕು. 1811ರ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ಇಂಗ್ಲಿಷ್ ಕಾದಂಬರಿಗಾರ್ತಿ ಫ್ಯಾನಿ ಬರ್ನಿಯ ಬಲಸ್ತನವನ್ನು ನೆಪೋಲಿಯನ್ನನ ಸೇನಾ ಸರ್ಜನ್ ಲಾರೆ ಕೊಯ್ದು ತೆಗೆದ. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಆಕೆ ಎಚ್ಚರದಲ್ಲೇ ಇದ್ದಳು, ಆಮೇಲೆ ಅಕ್ಕನಿಗೆ ಪತ್ರ ಬರೆದಳು. ಅದರ ನಂತರ ಇಪ್ಪತ್ತೆಂಟು ವರ್ಷಕ್ಕೂ ಹೆಚ್ಚು ಬದುಕಿದಳು. ಅದು ಕ್ಯಾನ್ಸರ್ ಆಗಿತ್ತೋ ಇಲ್ಲವೋ ಅಂತ ಡಾಕ್ಟರುಗಳು ಇನ್ನೂ ಚರ್ಚೆ ಮಾಡುತ್ತಾರೆ.

ಕೂಪರ್ ಬೇರೆ ಮಾಡಿದ್ದನ್ನು ಮುಂದಿನವರು ಮತ್ತೆ ಒಂದೇ ಮೂಟೆಗೆ ತುಂಬಿದರು. 1883ರಲ್ಲಿ ಫ್ರಾನ್ಸಿನ ರೆಕ್ಲೂ ಗುಳ್ಳೆಗಳ ರೋಗ ಅಂದ. 1893ರಲ್ಲಿ ಜರ್ಮನಿಯ ಕೋನಿಗ್ ಕ್ರಾನಿಕ್ ಸಿಸ್ಟಿಕ್ ಮಾಸ್ಟೈಟಿಸ್ ಅಂತ ಹೆಸರಿಟ್ಟ. ಮಾಸ್ಟೈಟಿಸ್ ಅಂದರೆ ಉರಿಯೂತ, ನಮ್ಮ ಎಮ್ಮೆಯ ಕೆಚ್ಚಲು ಬಾವು. ಇಲ್ಲಿ ಬಾವೂ ಇಲ್ಲ, ಸೋಂಕೂ ಇಲ್ಲ. ಹೆಸರು ಮಾತ್ರ ಅಂಟಿಕೊಂಡಿತು. ಅದೇ ಹೊತ್ತಿಗೆ ಅಮೆರಿಕದಲ್ಲಿ ಹಾಲ್‌ಸ್ಟೆಡ್ ಇಡೀ ಸ್ತನ, ಅದರಡಿಯ ಸ್ನಾಯು ಸಮೇತ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪ್ರಸಿದ್ಧಿ ಮಾಡಿದ್ದ. ಅನುಮಾನ ಬಂದರೆ ತೆಗೆ ಅನ್ನುವ ಕಾಲ. ಅವನದೇ ಶಿಷ್ಯ ಬ್ಲಡ್‌ಗುಡ್ 1921ರಲ್ಲಿ ನೀಲಿ ಗುಮ್ಮಟದಂತೆ ಕಾಣುವ ನೀರ್ಗುಳ್ಳೆಯನ್ನು ವಿವರಿಸಿ, ಇಂಥದ್ದಕ್ಕೆ ಸ್ತನ ತೆಗೆಯಬೇಕಿಲ್ಲ ಅಂದ. ಆದರೂ "ಮುಂದೆ ಕ್ಯಾನ್ಸರ್ ಆದರೆ?" ಅನ್ನುವ ಭಯ ಆ ಹೆಸರಿನ ಬೆನ್ನು ಬಿಡಲಿಲ್ಲ.

1982ರಲ್ಲಿ ಬಾಸ್ಟನ್ನಿನ ಸರ್ಜನ್ ಸೂಸನ್ ಲವ್ ಮತ್ತು ಇಬ್ಬರು ಜೊತೆಗಾರರು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಒಂದು ಲೇಖನ ಬರೆದರು. ಅರ್ಧದಷ್ಟು ಹೆಂಗಸರಲ್ಲಿ ಕೈಗೆ ಸಿಗುವ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತರಲ್ಲಿ ಒಂಬತ್ತು ಮಂದಿಯಲ್ಲಿ ಕಾಣುವ ಸಂಗತಿಯನ್ನು ರೋಗ ಅನ್ನೋದು ಹೇಗೆ ಅಂತ ಅವರ ಪ್ರಶ್ನೆ. ನಾನು ಆ ಸಾಲು ಓದಿ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಅಲ್ಲಿ ಈ "ರೋಗ"ದ ನೆಪದಲ್ಲಿ ಇನ್ಶೂರೆನ್ಸ್ ಕಂಪನಿಗಳು ಹೆಂಗಸರಿಗೆ ತೊಂದರೆ ಕೊಡುತ್ತಿದ್ದವು. ಮೊಳಕಾಲ್ಮೂರಿನಲ್ಲಿ ಆ ಕೆಲಸವನ್ನು ಬೀಗರು ಮಾಡಿದರು.

1985ರಲ್ಲಿ ಡ್ಯುಪಾಂಟ್ ಮತ್ತು ಪೇಜ್ ಅಮೆರಿಕದ ನ್ಯಾಶ್‌ವಿಲ್‌ನಿಂದ ಅಂಕಿಅಂಶ ಕೊಟ್ಟರು. ಕ್ಯಾನ್ಸರ್ ಅಲ್ಲದ ಗಡ್ಡೆ ತೆಗೆಸಿಕೊಂಡ 3303 ಹೆಂಗಸರನ್ನು ಸರಾಸರಿ ಹದಿನೇಳು ವರ್ಷ ಹಿಂಬಾಲಿಸಿದ ಅಧ್ಯಯನ ಅದು. ಇಂಥ ಬಯಾಪ್ಸಿ ಮಾಡಿಸಿಕೊಂಡ ನೂರರಲ್ಲಿ ಎಪ್ಪತ್ತು ಹೆಂಗಸರಿಗೆ ಮುಂದೆ ಕ್ಯಾನ್ಸರ್ ಬರುವ ಅಪಾಯ ಬೇರೆಯವರಿಗಿಂತ ಹೆಚ್ಚೇನೂ ಇರಲಿಲ್ಲ. ಜೀವಕೋಶಗಳು ವಿಪರೀತ ಬೆಳೆದು, ರೂಪವೂ ಕೆಟ್ಟಿದ್ದ ನೂರಕ್ಕೆ ನಾಲ್ಕರಷ್ಟು ಮಂದಿಯಲ್ಲಿ ಮಾತ್ರ ಅಪಾಯ ನಿಜಕ್ಕೂ ಹೆಚ್ಚಿತ್ತು. ಅಂಥವರನ್ನು ಬಿಡದೆ ನೋಡಿಕೊಳ್ಳಬೇಕು. ಉಳಿದವರನ್ನು ಹೆದರಿಸಬಾರದು. ಅದೇ ವರ್ಷ ಅಮೆರಿಕದ ರೋಗಶಾಸ್ತ್ರಜ್ಞರ ಕಾಲೇಜು ಸಭೆ ಸೇರಿ, ಇನ್ನು ಮುಂದೆ ಡಿಸೀಸ್ ಅನ್ನಬೇಡಿ, ಬದಲಾವಣೆ ಅನ್ನಿ ಅಂತ ಹೇಳಿತು. 1987ರಲ್ಲಿ ವೇಲ್ಸಿನ ಕಾರ್ಡಿಫ್‌ನ ಹ್ಯೂಸ್, ಮ್ಯಾನ್ಸೆಲ್, ವೆಬ್‌ಸ್ಟರ್ ಲ್ಯಾನ್ಸೆಟ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಸ್ತನ ಸುಮ್ಮನಿರುವ ಅಂಗವಲ್ಲ. ಹರೆಯದಲ್ಲಿ ಬೆಳೆಯುತ್ತದೆ, ಪ್ರತಿ ತಿಂಗಳು ಹಾರ್ಮೋನಿನ ಜೊತೆ ಉಬ್ಬಿ ಇಳಿಯುತ್ತದೆ, ನಲವತ್ತರ ಆಸುಪಾಸಿನಲ್ಲಿ ಮುದುಡತೊಡಗುತ್ತದೆ. ಬೆಳೆಯುವಾಗ ಒಂದು ಕಡೆ ಹೆಚ್ಚು ಬೆಳೆದರೆ ನನ್ನಂಥ ಫೈಬ್ರೋಅಡಿನೋಮಾ. ತಿಂಗಳ ಏರಿಳಿತ ಜೋರಾದರೆ ನೋವು, ಗಂಟುಗಂಟು. ಮುದುಡುವಾಗ ಸರಿಯಾಗಿ ಮುದುಡದಿದ್ದರೆ ನೀರ್ಗುಳ್ಳೆ. ಮಾಮೂಲಿ ದಾರಿಯಿಂದ ಕೊಂಚ ಅತ್ತಿತ್ತ ಸರಿದದ್ದು ಅಷ್ಟೇ ಅಂತ ಅವರ ವಾದ.

ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಹೆಸರು ಬದಲಿಸಿ ಅಂತ ಹೇಳಿದ್ದು 1985ರಲ್ಲಿ, ದೊಡ್ಡಮ್ಮನ ವರದಿ 1986ರದ್ದು. ಟೈಪ್ ಮಾಡಿದವರ ತಪ್ಪು ಅಂತ ನಾನು ಹೇಳಲಾರೆ. ಪಠ್ಯಪುಸ್ತಕದಲ್ಲಿದ್ದ ಪದವನ್ನೇ ಅವರು ಬರೆದರು. ಎರಡನೇ ಸಾಲನ್ನು ಕನ್ನಡದಲ್ಲಿ ಹೇಳೋಕೆ ಒಂದು ನಿಮಿಷ ಸಾಕಿತ್ತು, ನನ್ನ ತಕರಾರು ಅಲ್ಲಿ.

ಈಗ ಹೇಗೆ ನೋಡುತ್ತಾರೆ ಅಂತ ನನ್ನ ಅನುಭವದಿಂದ ಹೇಳುತ್ತೇನೆ. ಮೂರು ಪರೀಕ್ಷೆ. ಮೊದಲು ಡಾಕ್ಟರ ಕೈ. ಆಮೇಲೆ ಚಿತ್ರ, ಸಣ್ಣ ವಯಸ್ಸಿನವರಿಗೆ ಅಲ್ಟ್ರಾಸೌಂಡ್, ನಲವತ್ತು ದಾಟಿದವರಿಗೆ ಮ್ಯಾಮೋಗ್ರಾಮ್ ಕೂಡ. ಬೇಕಾದರೆ ಸೂಜಿ. ಸೂಜಿಯಿಂದ ಜೀವಕೋಶ ತೆಗೆದು ನೋಡುವ ವಿದ್ಯೆಯನ್ನು 1930ರಲ್ಲೇ ನ್ಯೂಯಾರ್ಕಿನಲ್ಲಿ ಮಾರ್ಟಿನ್ ಮತ್ತು ಎಲಿಸ್ ಪ್ರಕಟಿಸಿದ್ದರು. ನಮ್ಮ ಸೀಮೆಗೆ ಬರೋಕೆ ಅದಕ್ಕೆ ಬಹಳ ಕಾಲ ಹಿಡಿಯಿತು. ಮೂರೂ ಒಂದೇ ಮಾತು ಹೇಳಿದರೆ ಗಂಟನ್ನು ಅದರ ಪಾಡಿಗೆ ಬಿಡಬಹುದು. ಬೇಗ ಬೆಳೆಯುತ್ತಿದ್ದರೆ, ತುಂಬ ದೊಡ್ಡದಿದ್ದರೆ, ಅಥವಾ ನಿಮಗೇ ತೆಗೆಸಿಬಿಡಬೇಕು ಅನ್ನಿಸಿದರೆ ತೆಗೆಯುತ್ತಾರೆ. ಗಟ್ಟಿಯಾಗಿ ಅಂಟಿಕೊಂಡ ಗಡ್ಡೆ, ಚರ್ಮ ಒಳಗೆ ಎಳೆದುಕೊಂಡದ್ದು, ತೊಟ್ಟು ಹೊಸದಾಗಿ ಒಳಸೇರಿದ್ದು, ರಕ್ತ ಬಂದದ್ದು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದಿದ್ದರೂ ಕಾಯಬೇಡಿ. ಮುಟ್ಟು ನಿಂತ ಮೇಲೆ ಹೊಸ ಗಂಟು ಬಂದರೂ ಅಷ್ಟೇ.

ನೋವಿನದು ಬೇರೆ ಕಥೆ. ಕ್ಯಾನ್ಸರ್ ಅಲ್ಲ ಅಂತ ಗೊತ್ತಾದ ಮೇಲೆ ಬಹಳ ಜನರಿಗೆ ಅರ್ಧ ನೋವು ಇಳಿಯುತ್ತದೆ, ಸರಿಯಾದ ಅಳತೆಯ ಬ್ರಾ ಇನ್ನಷ್ಟು ಇಳಿಸುತ್ತದೆ. ಈವನಿಂಗ್ ಪ್ರಿಮ್‌ರೋಸ್ ಎಣ್ಣೆಯ ಕ್ಯಾಪ್ಸೂಲ್ ನಮ್ಮಲ್ಲಿ ಇವತ್ತಿಗೂ ಬರೆದುಕೊಡುತ್ತಾರೆ. ಪರಿಣಾಮ ಸಾಬೀತಾಗಿಲ್ಲ ಅಂತ ಬ್ರಿಟನ್ 2002ರಲ್ಲೇ ಅದರ ಔಷಧಿ ಪರವಾನಗಿ ವಾಪಸ್ಸು ಪಡೆಯಿತು. ನಮ್ಮ ದೇಶದ್ದೇ ಒಂದು ಮಾತ್ರೆ ಇದೆ, ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಕಂಡುಹಿಡಿದ ಸೆಂಟ್‌ಕ್ರೋಮನ್. "ಸಹೇಲಿ" ಅಂತ ಬಂದದ್ದು, ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ "ಛಾಯಾ" ಹೆಸರಿನಲ್ಲಿ ಸಿಗುವ ಗರ್ಭನಿರೋಧಕ. ದೆಹಲಿಯ ಏಮ್ಸ್‌ನ ಸರ್ಜನ್ನರು ಅದನ್ನು ಸ್ತನದ ನೋವಿಗೆ ಕೊಟ್ಟು ನೋಡಿ 2007ರಲ್ಲಿ ಒಳ್ಳೆಯ ಫಲಿತಾಂಶ ವರದಿ ಮಾಡಿದರು. ಆಶಾ ಕಾರ್ಯಕರ್ತೆ ಹತ್ತಿರ ಇದೆ ಅಂತ ನೀವೇ ತಗೊಂಡು ನುಂಗಬೇಡಿ, ಡಾಕ್ಟರನ್ನು ಕೇಳಿ.

ಇನ್ನೊಂದು ವಿಷಯ. ಪ್ರತಿ ತಿಂಗಳು ಕನ್ನಡಿ ಮುಂದೆ ನಿಂತು ಕ್ರಮವಾಗಿ ಪರೀಕ್ಷೆ ಮಾಡಿಕೊಳ್ಳಿ ಅಂತ ಆಫೀಸಿನಲ್ಲಿ ಪಿಂಕ್ ರಿಬ್ಬನ್ ಹಂಚುವಾಗ ಹೇಳುತ್ತಾರಲ್ಲ, ಅದನ್ನು ಶಾಂಘೈನ ಬಟ್ಟೆ ಗಿರಣಿಗಳ 2,66,064 ಕೆಲಸಗಾರ್ತಿಯರ ಮೇಲೆ ಪರೀಕ್ಷಿಸಿ ನೋಡಿದ್ದಾರೆ. 2002ರಲ್ಲಿ ಬಂದ ಫಲಿತಾಂಶದ ಪ್ರಕಾರ ಸಾವು ಕಡಿಮೆಯಾಗಲಿಲ್ಲ, ಕ್ಯಾನ್ಸರ್ ಅಲ್ಲದ ಗಂಟುಗಳ ಪತ್ತೆ ಮಾತ್ರ ಹೆಚ್ಚಾಯಿತು. ನುರಿತ ಕೈ ನೋಡಿದರೆ ಲಾಭ ಇರಬಹುದು ಅಂತ ಮುಂಬೈನ ಟಾಟಾ ಆಸ್ಪತ್ರೆಯ ಇಪ್ಪತ್ತು ವರ್ಷದ ಪ್ರಯೋಗ 2021ರಲ್ಲಿ ಹೇಳಿತು. ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಹೆಂಗಸರಲ್ಲಿ, ಐವತ್ತು ದಾಟಿದವರ ಸ್ತನ ಕ್ಯಾನ್ಸರ್ ಸಾವು ಸುಮಾರು ನೂರಕ್ಕೆ ಮೂವತ್ತರಷ್ಟು ತಗ್ಗಿತ್ತು. ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಬೇಕು ಅಂತ ಸರ್ಕಾರದ 2016ರ ಮಾರ್ಗಸೂಚಿಯಲ್ಲೂ ಇದೆ. ನನ್ನ ಮಟ್ಟಿಗೆ ತಿಂಗಳ ಕವಾಯತು ಬೇಡ, ನನ್ನ ಮೈ ಮಾಮೂಲಿ ಹೇಗಿರುತ್ತದೆ ಅಂತ ನನಗೆ ಗೊತ್ತಿದ್ದರೆ ಸಾಕು. ಅದೇ ನನಗೆ ಗೊತ್ತಿರಲಿಲ್ಲ.

ಆರು ತಿಂಗಳ ಸ್ಕ್ಯಾನಿನಲ್ಲಿ ನನ್ನ ಗಂಟು ಇದ್ದಷ್ಟೇ ಇತ್ತು. ಅದನ್ನು ಹೇಳೋಕೆ ಮತ್ತೆ ಮೊಳಕಾಲ್ಮೂರಿಗೆ ಹೋದೆ. ಈ ಸಲ ದೊಡ್ಡಮ್ಮನ ಹಾಳೆಯ ಎರಡೂ ಸಾಲು ಬಿಡಿಸಿ ಓದಿದೆ. ಅವಳು ಕಂಡಿಕೆ ಕೆಳಗಿಟ್ಟು ಕೇಳಿದಳು: "ಹಂಗಾರೆ ಅವತ್ತು ಕುಯ್ಯೋದೇ ಬ್ಯಾಡಾಗಿತ್ತಾ?"

ಇದಕ್ಕೆ ಸುಳ್ಳು ಹೇಳೋಕೆ ಮನಸ್ಸಾಗಲಿಲ್ಲ. ಅವತ್ತು ನೀನು ಹೋದ ಕಡೆ ಸ್ಕ್ಯಾನ್ ಇರಲಿಲ್ಲ, ಸೂಜಿ ಹಾಕೋರು ಇರಲಿಲ್ಲ, ಕೊಯ್ದು ನೋಡದೆ ಗೊತ್ತಾಗೋ ದಾರಿ ಇರಲಿಲ್ಲ, ಕೊಯ್ದದ್ದು ತಪ್ಪಲ್ಲ ಅಂದೆ. ಇವತ್ತಾಗಿದ್ದರೆ ಬಹುಶಃ ಕೊಯ್ಯುತ್ತಿರಲಿಲ್ಲ ಅಂತಲೂ ಅಂದೆ.

"ನೂಲಿನಾಗೂ ಗಂಟು ಬತ್ತಾವೆ. ಎಲ್ಲಾನೂ ಕತ್ತರಿಸ್ತಾರಾ" ಅಂದು ಸುಮ್ಮನಾದಳು. ಆಮೇಲೆ, "ಕನ್ನಡದಾಗೆ ಬರ್ದು ಕೊಡು. ದೊಡ್ಡಕ್ಷರದಾಗೆ" ಅಂದಳು. ಅವಳು ಓದಿದ್ದು ನಾಲ್ಕನೇ ಕ್ಲಾಸು.

ಕರೆಂಟ್ ಬಿಲ್ಲಿನ ಹಿಂದೆ ಪೆನ್ನು ಹಿಡಿದು ಕೂತೆ. ಫೈಬ್ರೋಸಿಸ್ಟಿಕ್‌ಗೆ ಏನಂತ ಬರೆಯೋದು ಅಂತ ಹತ್ತು ನಿಮಿಷ ಹೊಳೆಯಲಿಲ್ಲ. ಕೊನೆಗೆ ಹೀಗೆ ಬರೆದೆ: "ಎದೆಯಲ್ಲಿ ವಯಸ್ಸಿಗೆ ತಕ್ಕಂತೆ ಆಗುವ ಬದಲಾವಣೆ. ಕಾಯಿಲೆ ಅಲ್ಲ. ಕ್ಯಾನ್ಸರ್ ಅಲ್ಲ. ಅಂಟುವುದಿಲ್ಲ. ಇದರಿಂದ ಮಗಳಿಗೆ ಏನೂ ಆಗುವುದಿಲ್ಲ." ಅವಳು ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು. "ಅಂಟುವುದಿಲ್ಲ" ಅನ್ನೋದನ್ನು ಎರಡು ಸಲ.

ಎಲ್ಲಿಗೆ ಅಂತ ಕೇಳುವಷ್ಟರಲ್ಲಿ ಚಪ್ಪಲಿ ಮೆಟ್ಟಿದ್ದಳು. ವಾರಗಿತ್ತಿಯ ಮನೆ ಎರಡೇ ಬಾಗಿಲು ಆಚೆ.